ರಾತ್ರಿ ಎಂಟರವರೆಗೂ ತೆಗೆದಿರೋ ಕತ್ರಿಗುಪ್ಪೆ ಡೇಕೇರ್: ರಿವ್ಯೂ ಉದ್ದ ಇದೆ, ಸಂಬಳದ ವಿಷ್ಯನೂ ಇದೆ

ಮೊದ್ಲೇ ಹೇಳ್ಬಿಡ್ತೀನಿ, ನಾಲ್ಕು ಸ್ಟಾರ್. ಮಗುನ ಇಲ್ಲಿ ಬಿಡ್ಬಹುದಾ ಇಲ್ವಾ ಅಂತ ಅಷ್ಟೇ ತಿಳ್ಕೋಬೇಕು ಅನ್ನೋರಿಗೆ ಉತ್ತರ, ಧೈರ್ಯವಾಗಿ ಬಿಡಿ. ನನ್ನ ಮಗಳು ಅಂಬೆಗಾಲು ಇಡೋವಾಗ ಸೇರಿದ್ದು, ಈಗ ಮೂರು ವರ್ಷ ತುಂಬಿದೆ, ಬೆಳಿಗ್ಗೆ ಗೇಟ್ ಹತ್ರ ಬಿಟ್ರೆ ನನ್ನ ಕಡೆ ತಿರುಗೂ ನೋಡ್ದೆ ಒಳಗೆ ಓಡ್ತಾಳೆ. ಒಂದು ಸ್ಟಾರ್ ಕಟ್ ಮಾಡಿರೋದು ಊಟಕ್ಕಲ್ಲ, ಕ್ಲೀನಿಂಗ್‌ಗಲ್ಲ, ಅದಕ್ಕೆ ಬೇರೆ ಕಾರಣ ಇದೆ, ಮುಂದೆ ಬರುತ್ತೆ. ಇನ್ನೊಂದು, ನಾನು ಕೆಲಸ ಮಾಡೋದು ಪೇರೋಲ್‌ನಲ್ಲಿ, ತಿಂಗಳು ತಿಂಗಳು ಜನರ ಸಂಬಳದ ಶೀಟ್ ನೋಡೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಹೆಂಗಸ್ರಿಗೆ ಗಂಡಸ್ರಿಗಿಂತ ಸಂಬಳ ಯಾಕೆ ಕಮ್ಮಿ ಅನ್ನೋ ಪ್ರಶ್ನೆ ನನ್ನ ತಲೇಲಿ ಯಾವಾಗ್ಲೂ ಓಡ್ತಿರುತ್ತೆ, ಅದಕ್ಕೆ ಉತ್ತರ ಆಫೀಸ್ ಒಳಗೆ ಹುಡುಕಿದ್ರೆ ಅರ್ಧ ಸಿಗುತ್ತೆ, ಇನ್ನರ್ಧ ಸಿಗೋದು ಇಂಥ ಡೇಕೇರ್ ಗೇಟ್ ಮುಂದೆ ಅಂತ ನನಗೆ ಗಟ್ಟಿಯಾಗಿ ಅನ್ಸಿದೆ. ಅದಕ್ಕೇ ಇದು ಬರೀ ಡೇಕೇರ್ ರಿವ್ಯೂ ಆಗಿ ಉಳಿಯಲ್ಲ, ಪುರುಸೊತ್ತು ಇದ್ದಾಗ ಓದಿ.

ಜಾಗದ ಬಗ್ಗೆ ಬೇಗ ಹೇಳ್ತೀನಿ. ಬೆಂಗಳೂರಿನ ಕತ್ರಿಗುಪ್ಪೆ ಮೇನ್ ರೋಡಿಂದ ಎರಡು ಕ್ರಾಸ್ ಒಳಗೆ, ಹಳೇ ಕಾಲದ ಮನೆ, ಗ್ರೌಂಡ್ ಫ್ಲೋರ್ ಪೂರ್ತಿ ಇವ್ರದ್ದು, ಮುಂದೆ ಸ್ವಲ್ಪ ಅಂಗಳ, ಒಂದು ನುಗ್ಗೆ ಮರ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಿದ್ದಾರೆ (ನೋಡೋಕೆ ಹೋದಾಗ ನಾನು ಮೊದ್ಲು ಚೆಕ್ ಮಾಡಿದ್ದೇ ಅದನ್ನ, ನೀವೂ ಎಲ್ಲೇ ಹೋದ್ರೂ ಮೊದ್ಲು ಸಂಪು ನೋಡಿ). ಮಕ್ಕಳು ಮಲಗೋ ರೂಮಲ್ಲಿ ಗಾಳಿ ಚೆನ್ನಾಗಿ ಆಡುತ್ತೆ. ಸಿಸಿಟಿವಿ ಇದೆ, ಆದ್ರೆ ಮೊಬೈಲಲ್ಲಿ ಲೈವ್ ಕೊಡಲ್ಲ, ಬೇಕು ಅಂದ್ರೆ ಅಲ್ಲೇ ಬಂದು ನೋಡಿ ಅಂತಾರೆ, ನನಗೆ ಅದು ಸರಿ ಅನ್ಸುತ್ತೆ. ಊಟ ಮನೆ ಊಟನೇ. ಚಿಕ್ಕವ್ರಿಗೆ ರಾಗಿ ಸರಿ, ದೊಡ್ಡವ್ರಿಗೆ ಅನ್ನ ಸಾರು ತುಪ್ಪ, ಸಂಜೆ ಬಾಳೆಹಣ್ಣೋ ಅವಲಕ್ಕಿನೋ ಏನಾದ್ರೂ, ಬಿಸ್ಕೆಟ್ ಪ್ಯಾಕೆಟ್ ಒಡೆದು ಕೈಗೆ ಕೊಟ್ಟು ಕೂರಿಸೋ ಅಭ್ಯಾಸ ಇಲ್ಲ. ಖಾರ ಮಾತ್ರ ಒಂದೊಂದು ದಿನ ಸ್ವಲ್ಪ ಜಾಸ್ತಿ ಆಗಿರುತ್ತೆ, ಹೇಳಿದ್ರೆ ಕೇಳ್ತಾರೆ.

ನನಗೆ ಇಲ್ಲಿ ತುಂಬಾ ಇಷ್ಟ ಆಗಿದ್ದು ಒಂದು ನೋಟ್‌ಬುಕ್. ಬಾಗಿಲ ಪಕ್ಕ ಒಂದು ಮೊಳೆಗೆ ದಾರ ಕಟ್ಟಿ ತೂಗು ಹಾಕಿರೋ ಇನ್ನೂರು ಪೇಜಿನ ಲಾಂಗ್ ಬುಕ್ಕು. ಪ್ರತಿ ಮಗು ಹೆಸರಿನ ಮುಂದೆ ಎಷ್ಟು ಹೊತ್ತಿಗೆ ತಿಂತು, ಎಷ್ಟು ತಿಂತು, ಎಷ್ಟು ಹೊತ್ತು ಮಲಗ್ತು, ಮೋಷನ್ ಆಯ್ತಾ, ಬಿತ್ತಾ, ಅತ್ತಿತಾ, ಮೈ ಬಿಸಿ ಇತ್ತಾ, ಎಲ್ಲಾ ಬರೀತಾರೆ. ಬೆಳಗಿನ ಆಯಮ್ಮ ಮಧ್ಯಾಹ್ನ ಎರಡಕ್ಕೆ ಹೊರಟ್ರೆ ಸಂಜೆ ಪಾಳಿ ಆಯಮ್ಮ ಬಂದು ಮೊದ್ಲು ಆ ಬುಕ್ ಓದ್ತಾರೆ, ಆಮೇಲೆನೇ ಮಗು ಎತ್ಕೊಳೋದು. ಅಕ್ಷರ ಬರ್ದೇ ಇರೋ ಒಬ್ರು ಆಯಮ್ಮ ಇದ್ದಾರೆ, ಅವ್ರಿಗೋಸ್ಕರ ಊಟಕ್ಕೆ ಒಂದು ತಟ್ಟೆ ಚಿತ್ರ, ನಿದ್ದೆಗೆ ಒಂದು ಚಂದ್ರ, ಜ್ವರಕ್ಕೆ ಕೆಂಪು ಚುಕ್ಕೆ ಅಂತ ಮಾಡ್ಕೊಂಡಿದ್ದಾರೆ. ಈ ಬುಕ್ಕಿಂದಾನೇ ಈ ಡೇಕೇರ್ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಡೆಯೋಕೆ ಆಗ್ತಿರೋದು, ಯಾಕಂದ್ರೆ ಒಬ್ರ ಕೆಲಸ ಇನ್ನೊಬ್ರು ಅಲ್ಲಿಂದಾನೇ ಮುಂದುವರಿಸ್ಬಹುದು, ಯಾರೋ ಒಬ್ರೇ ಹನ್ನೆರಡು ಗಂಟೆ ಇರ್ಬೇಕು ಅಂತಿಲ್ಲ. ಇದನ್ನ ನೆನಪಿಟ್ಕೊಳಿ, ಇದೇ ಮಾತು ಮುಂದೆ ಬೇಕಾಗುತ್ತೆ.

ಈಗ ಎಂಟು ಗಂಟೆ ವಿಷ್ಯ. ನಮ್ಮ ಏರಿಯಾದಲ್ಲಿ ನಾನು ವಿಚಾರಿಸಿದ ಕಡೆಯೆಲ್ಲಾ ಸಂಜೆ ಆರು, ತುಂಬಾ ಅಂದ್ರೆ ಆರೂವರೆಗೆ ಬಾಗಿಲು ಹಾಕ್ತಾರೆ. ಬೆಂಗಳೂರಲ್ಲಿ ಆರೂವರೆ ಅಂದ್ರೆ ಏನು ಅಂತ ಐಟಿ ಕಡೆ ಇರೋರಿಗೆ ಹೇಳ್ಬೇಕಾಗಿಲ್ಲ. ನ್ಯೂಯಾರ್ಕಲ್ಲಿ ಬೆಳಿಗ್ಗೆ ಒಂಬತ್ತು ಆದಾಗ ಅವ್ರ ಬೇಸಿಗೇಲಿ ನಮಗೆ ಸರಿಯಾಗಿ ಸಂಜೆ ಆರೂವರೆ, ಅವ್ರ ಚಳಿಗಾಲದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸ್ದಾಗ ಏಳೂವರೆ. ಅಂದ್ರೆ ಕ್ಲೈಂಟು ಕಾಫಿ ಹಿಡ್ಕೊಂಡು ಸೀಟಿಗೆ ಬರೋ ಹೊತ್ತು, ಡೇಕೇರ್ ಬಾಗಿಲು ಹಾಕೋ ಹೊತ್ತು, ಸಿಲ್ಕ್ ಬೋರ್ಡ್ ಜಾಮ್ ಆಗೋ ಹೊತ್ತು, ಮೂರೂ ಒಂದೇ. ನನ್ನ ಆಫೀಸ್ ಇರೋದು ಬೆಳ್ಳಂದೂರು ಕಡೆ ರಿಂಗ್ ರೋಡಲ್ಲಿ. 2025ರ ಆಗಸ್ಟಲ್ಲಿ ಹಳದಿ ಲೈನ್ ಮೆಟ್ರೋ ಶುರುವಾದ್ಮೇಲೆ ಸಿಲ್ಕ್ ಬೋರ್ಡಿಂದ ಆರ್‌ವಿ ರೋಡ್, ಅಲ್ಲಿ ಹಸಿರು ಲೈನ್ ಹಿಡಿದು ಬನಶಂಕರಿ ಅಂತ ಬರ್ಬಹುದು, ಎಷ್ಟೋ ಪರವಾಗಿಲ್ಲ, ಆದ್ರೆ ಆಫೀಸಿಂದ ಸಿಲ್ಕ್ ಬೋರ್ಡ್‌ವರೆಗಿನ ರಿಂಗ್ ರೋಡ್ ಇದ್ಯಲ್ಲ, ಅಲ್ಲಿ ಇನ್ನೂ ಬಸ್ಸೇ ಗತಿ, ಅದು ಎಷ್ಟು ಹೊತ್ತಿಗೆ ಮುಟ್ಸುತ್ತೋ ದೇವ್ರಿಗೇ ಗೊತ್ತು. ಆರೂವರೆಗೆ ಕತ್ರಿಗುಪ್ಪೇಲಿ ಇರ್ಬೇಕು ಅಂದ್ರೆ ನಾಲ್ಕೂಮುಕ್ಕಾಲಿಗೆ ಲ್ಯಾಪ್‌ಟಾಪ್ ಮುಚ್ಬೇಕು. ನಾಲ್ಕೂಮುಕ್ಕಾಲಿಗೆ ಎದ್ದು ಹೋಗೋರಿಗೆ ಆಫೀಸಲ್ಲಿ ಯಾವ ಕೆಲಸ ಕೊಡ್ತಾರೆ ಅನ್ನೋದೇ ಸಂಬಳದ ಕಥೆಯ ತಿರುಳು.

ಪೇರೋಲಲ್ಲಿ ಕೂತು ನೋಡಿದ್ರೆ ಇದು ಬಹಳ ಸ್ಪಷ್ಟವಾಗಿ ಕಾಣುತ್ತೆ. ಯಾರದೂ ಗುಟ್ಟು ಹೇಳ್ತಿಲ್ಲ, ಎಲ್ಲಾ ಕಡೆ ನಡೆಯೋ ರೀತಿ ಹೇಳ್ತಿದ್ದೀನಿ. ಕ್ಯಾಂಪಸ್ಸಿಂದ ಬರೋ ಹುಡುಗ ಹುಡುಗೀರಿಗೆ ಆಫರ್ ಲೆಟರ್ ಒಂದೇ, ಬೇಸಿಕ್ (ಮೂಲ ಸಂಬಳ) ಒಂದೇ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಒಂದೇ. ಹೆಣ್ಣು ಅಂತ ಎರಡು ಸಾವಿರ ಕಮ್ಮಿ ಹಾಕಿ ಅಂತ ಯಾರೂ ಬಂದು ಹೇಳಲ್ಲ. ವ್ಯತ್ಯಾಸ ಶುರುವಾಗೋದು ಬೇರೆ ಕಾಲಂಗಳಲ್ಲಿ. ಶಿಫ್ಟ್ ಅಲೋಯೆನ್ಸ್, ಕರೆದಾಗ ಸಿಗೋಕೆ ಕೊಡೋ ಆನ್‌ಕಾಲ್ ಅಲೋಯೆನ್ಸ್, ಕೆಲಸ ನೋಡಿ ಕೊಡೋ ವೇರಿಯಬಲ್ ಪೇ, ಕ್ಲೈಂಟ್ ಜಾಗಕ್ಕೇ ಹೋಗಿ ಮಾಡೋ ಆನ್‌ಸೈಟ್ ಕೆಲಸ. ರಾತ್ರಿ ಪ್ರಾಬ್ಲಂ ಬಂದ್ರೆ ಫೋನ್ ಎತ್ತೋರು ಯಾರು, ಕ್ಲೈಂಟ್ ಕಾಲಲ್ಲಿ ಕೂರೋರು ಯಾರು, ನಾಳೆ ಬೆಳಿಗ್ಗೆ ಪುಣೆಗೆ ಹೋಗಿ ಅಂದ್ರೆ ಬ್ಯಾಗ್ ಹೆಗಲಿಗೆ ಹಾಕ್ಕೊಳೋರು ಯಾರು, ರೇಟಿಂಗ್ ಅವ್ರಿಗೆ ಹೋಗುತ್ತೆ, ರೇಟಿಂಗ್ ಹಿಂದೆ ಹೈಕ್ (ಸಂಬಳ ಏರಿಕೆ) ಹೋಗುತ್ತೆ. ಮಗು ಇರೋ ಹುಡುಗಿಯನ್ನ ಮ್ಯಾನೇಜರ್ ಕೇಳೋದೂ ಇಲ್ಲ, "ಪಾಪ ಮನೇಲಿ ಚಿಕ್ಕ ಮಗು ಇದೆ, ತೊಂದ್ರೆ ಕೊಡೋದು ಬೇಡ" ಅಂತ ತಾವೇ ಹೆಸರು ಬಿಟ್ಟು ಮುಂದಿನವ್ರಿಗೆ ಕೊಡ್ತಾರೆ. ಅವ್ರು ಒಳ್ಳೇ ಮನಸ್ಸಿಂದಾನೇ ಮಾಡಿರ್ಬಹುದು, ಆದ್ರೆ ಶೀಟಲ್ಲಿ ಅದು ಇಳಿಯೋದು ಕಮ್ಮಿ ಪರ್ಸೆಂಟೇಜ್ ಆಗಿ.

ಆ ಪರ್ಸೆಂಟೇಜ್ ಸಣ್ಣದು ಅನ್ಸುತ್ತೆ, ಅಲ್ಲೇ ಎಲ್ರೂ ಮೋಸ ಹೋಗೋದು. ಲೆಕ್ಕ ಹಾಕಿ ನೋಡಿ, ಇಬ್ರೂ ತಿಂಗಳಿಗೆ 50,000ದಲ್ಲಿ ಒಂದೇ ದಿನ ಸೇರಿದ್ರು ಅಂತಿಟ್ಕೊಳಿ, ಒಬ್ರಿಗೆ ವರ್ಷಕ್ಕೆ 10 ಪರ್ಸೆಂಟ್ ಹೈಕ್, ಇನ್ನೊಬ್ರಿಗೆ 7 ಪರ್ಸೆಂಟ್. ಹತ್ತು ಹೈಕ್ ಆಗೋ ಹೊತ್ತಿಗೆ ಒಬ್ರದ್ದು ಹತ್ರ ಹತ್ರ 1,30,000, ಇನ್ನೊಬ್ರದ್ದು 98,000 ಚಿಲ್ಲರೆ. ತಿಂಗಳಿಗೆ ಮೂವತ್ತು ಸಾವಿರದ ಮೇಲೆ ವ್ಯತ್ಯಾಸ, ಯಾವ ವರ್ಷವೂ ಯಾರಿಗೂ ಕಣ್ಣಿಗೆ ಹೊಡೆಯೋ ಹಾಗೆ ಅನ್ಯಾಯ ಆಗ್ಲೇ ಇಲ್ಲ. ಪಿಎಫ್ ಬೇಸಿಕ್ ಮೇಲೆ ಹೋಗೋದು, ಕೆಲಸ ಬಿಡೋವಾಗ ಸಿಗೋ ಗ್ರಾಚ್ಯುಟಿ ಕೊನೇ ಸಂಬಳದ ಮೇಲೆ ಲೆಕ್ಕ ಹಾಕೋದು, ಅಂದ್ರೆ ರಿಟೈರ್ ಆದ್ಮೇಲೂ ಈ ವ್ಯತ್ಯಾಸ ಬೆನ್ನು ಬಿಡಲ್ಲ. ಕೆಲಸ ಬದಲಾಯಿಸಿದ್ರೆ ಸರಿ ಹೋಗುತ್ತಾ ಅಂದ್ರೆ ಹೊಸ ಕಂಪನಿ ಎಚ್‌ಆರ್ ಮೊದ್ಲು ಕೇಳೋದೇ ಹಳೇ ಮೂರು ತಿಂಗಳ ಪೇಸ್ಲಿಪ್ಪು, ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಹೊಸ ಸಂಬಳ. ಹಳೇ ಕಡೆ ಆದ ಕೊರತೆ ಹೊಸ ಕಡೆಗೂ ಮೂಟೆ ಕಟ್ಕೊಂಡು ಬರುತ್ತೆ. ಹೆಂಗಸ್ರಿಗೆ ಗಟ್ಟಿಯಾಗಿ ಕೇಳೋಕೆ ಬರಲ್ಲ, ಅದಕ್ಕೇ ಸಂಬಳ ಕಮ್ಮಿ ಅಂತ ಹೇಳಿಕೊಡೋ ವರ್ಕ್‌ಶಾಪ್‌ಗಳು ಈಗ ಊರ ತುಂಬಾ ಇವೆ. ಕೇಳೋದು ಕಲಿತ್ರೆ ಒಳ್ಳೇದೇ, ನಾನು ಬೇಡ ಅನ್ನಲ್ಲ, ಆದ್ರೆ ಸಂಜೆ ಆರೂವರೆಗೆ ಮಗು ಕಾಯ್ತಿರೋವಾಗ ಗಟ್ಟಿ ಧ್ವನಿ ಇಟ್ಕೊಂಡು ಏನು ಮಾಡೋದು ಹೇಳಿ.

ಇದನ್ನೇ ಜೀವಮಾನ ಪೂರ್ತಿ ಓದಿ ಬರೆದಿರೋರು ಕ್ಲಾಡಿಯಾ ಗೋಲ್ಡಿನ್, ಅಮೆರಿಕದ ಹಾರ್ವರ್ಡ್ ಪ್ರೊಫೆಸರ್, 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಒಬ್ರೇ ತಗೊಂಡ್ರು, ಆ ಪ್ರೈಜ್ ಯಾರ ಜೊತೆಗೂ ಹಂಚ್ಕೊಳ್ದೆ ತಗೊಂಡ ಮೊದಲ ಹೆಂಗಸು ಅವ್ರೇ. ಅವ್ರು ಹೇಳೋದು ಏನಪ್ಪಾ ಅಂದ್ರೆ, ಕೆಲವು ಕೆಲಸಗಳು ದುರಾಸೆಯ ಕೆಲಸಗಳು. ವಾರಕ್ಕೆ ನಲವತ್ತು ಗಂಟೆ ಮಾಡೋರಿಗಿಂತ ಅರವತ್ತು ಗಂಟೆ ಮಾಡೋರಿಗೆ ಒಂದೂವರೆ ಪಟ್ಟು ಅಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತೆ, ಅದರಲ್ಲೂ ಹೊತ್ತು ಗೊತ್ತು ಇಲ್ದೆ ಕರೆದಾಗ ಬರೋರಿಗೆ. ಮನೇಲಿ ಮಗು ಇದ್ರೆ ಇಬ್ರಲ್ಲಿ ಒಬ್ರು ಕರೆದಾಗ ಮನೆಗೆ ಬರೋರಾಗಿ ಇರ್ಲೇಬೇಕು, ಇಬ್ರೂ ಆಫೀಸಿಗೆ ಕರೆದಾಗ ಹೋಗೋರಾದ್ರೆ ಮಗು ಗತಿ ಏನು. ಆ ಒಬ್ರು ಯಾರಾಗ್ತಾರೆ ಅಂತ ನಮ್ಮ ನಿಮ್ಮ ಮನೆಗಳಲ್ಲಿ ಚರ್ಚೆನೂ ನಡೆಯಲ್ಲ. ಅವ್ರು ಮತ್ತೆ ಇನ್ನಿಬ್ರು ಸೇರಿ ಚಿಕಾಗೋದಲ್ಲಿ ಎಂಬಿಎ ಮಾಡ್ದೋರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ರು, ಕೆಲಸಕ್ಕೆ ಸೇರಿದಾಗ ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ ಮಟ್ಟ, ಹತ್ತು ಹದಿನೈದು ವರ್ಷಕ್ಕೆ ಭಾರಿ ಅಂತರ, ಅದರಲ್ಲಿ ಬಹುಪಾಲಿಗೆ ಕಾರಣ ಓದಿನಲ್ಲಿ ತಗೊಂಡ ಸಬ್ಜೆಕ್ಟು ಮಾರ್ಕ್ಸು, ಮಧ್ಯೆ ಕೆಲಸ ಬಿಟ್ಟ ತಿಂಗಳುಗಳು, ವಾರದ ಗಂಟೆಗಳು ಈ ಮೂರೇ, ಕೊನೆಯ ಎರಡಕ್ಕೂ ಮಕ್ಕಳೇ ಮುಖ್ಯ ಕಾರಣ.

ಆದ್ರೆ ಅವ್ರೇ ಇನ್ನೊಂದು ಉದಾಹರಣೆನೂ ಕೊಟ್ಟಿದ್ದಾರೆ, ನನಗೆ ಅದೇ ಇಷ್ಟ. ಅಮೆರಿಕದ ಫಾರ್ಮಸಿಸ್ಟ್‌ಗಳು. ಮುಂಚೆ ಅಲ್ಲೂ ಔಷಧಿ ಅಂಗಡಿ ಅಂದ್ರೆ ಒಬ್ಬ ಮಾಲೀಕ, ಬೆಳಿಗ್ಗೆಯಿಂದ ರಾತ್ರಿವರೆಗೂ ಅವ್ನೇ. ಆಮೇಲೆ ದೊಡ್ಡ ಚೈನ್ ಅಂಗಡಿಗಳು ಬಂದ್ವು, ಆಸ್ಪತ್ರೆಗಳಲ್ಲಿ ಕೆಲಸ ಬಂತು, ಪೇಷಂಟ್ ವಿವರ ಕಂಪ್ಯೂಟರಲ್ಲಿ ಕೂತ್ಕೊಳ್ತು, ಒಬ್ರು ಶಿಫ್ಟ್ ಮುಗಿಸಿ ಹೋದ್ರೆ ಇನ್ನೊಬ್ರು ಅದೇ ಕೆಲಸ ಅಲ್ಲಿಂದಾನೇ ಎತ್ಕೊಳ್ಬಹುದು. ಅದಾದ್ಮೇಲೆ ಆ ಕೆಲಸದಲ್ಲಿ ಗಂಡು ಹೆಣ್ಣಿನ ಸಂಬಳದ ಅಂತರ ತುಂಬಾ ಇಳಿದು ಹೋಯ್ತು, ಕಮ್ಮಿ ಗಂಟೆ ಮಾಡಿದ್ರೆ ಕಮ್ಮಿ ದುಡ್ಡು ಅಷ್ಟೇ, ಪ್ರತಿ ಗಂಟೆಗೆ ಸಿಗೋದ್ರಲ್ಲಿ ಹೊಡೆತ ಇಲ್ಲ. ಇದನ್ನ ಓದ್ದಾಗ ನನಗೆ ಥಟ್ ಅಂತ ನೆನಪಾಗಿದ್ದು ಈ ಡೇಕೇರಿನ ಮೊಳೆಗೆ ತೂಗು ಹಾಕಿರೋ ಬುಕ್ಕು. ಇಲ್ಲಿ ಆಯಮ್ಮಂದ್ರು ಮಾಡ್ಕೊಂಡಿರೋ ವ್ಯವಸ್ಥೆನ ಕೋಟಿಗಟ್ಟಲೆ ವ್ಯವಹಾರ ಮಾಡೋ ಕಂಪನಿಗಳು ಯಾಕೆ ಮಾಡ್ಕೊಳಲ್ಲ, ಒಬ್ಬನೇ ಮನುಷ್ಯನ ತಲೇಲಿ ಎಲ್ಲಾ ಇಟ್ಟು ಅವನು ರಾತ್ರಿ ಹನ್ನೊಂದಕ್ಕೂ ಫೋನ್ ಎತ್ಲೇಬೇಕು ಅನ್ನೋ ಹಾಗೆ ಯಾಕೆ ಕೆಲಸ ಕಟ್ತಾರೆ ಅಂತ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಸರಿಯಾಗಿ ಬರೆದಿಟ್ಟು ಕೈ ಬದಲಾಯಿಸಿದ್ರೆ ಆ ಹುಡುಗನೂ ಮನೆಗೆ ಹೋಗ್ತಾನೆ ಅಲ್ವಾ.

ಸರಿ, ರಿವ್ಯೂಗೆ ವಾಪಸ್ ಬರ್ತೀನಿ, ಯಾಕಂದ್ರೆ ಇಲ್ಲಿ ಒಂದು ಬೇಜಾರಿನ ವಿಷ್ಯ ಇದೆ. ಅಡ್ಮಿಷನ್ ಫಾರ್ಮಲ್ಲಿ ಮೊದಲ ಸಾಲು "ತಾಯಿಯ ಮೊಬೈಲ್ ನಂಬರ್". ತಂದೆ ನಂಬರ್ ಇರೋದು ಕೆಳಗೆ, "ತುರ್ತು ಸಂಪರ್ಕ" ಅನ್ನೋ ಕಡೆ, ಅಜ್ಜಿ ತಾತ ಪಕ್ಕದ ಮನೆಯವ್ರ ಜೊತೆ. ವಾಟ್ಸಾಪ್ ಗ್ರೂಪಲ್ಲಿ ಇರೋರು ಅಮ್ಮಂದ್ರು ಮಾತ್ರ. ನಮ್ಮನೆಯವ್ರು ವಾರದಲ್ಲಿ ಮೂರು ದಿನ ಮನೆಯಿಂದಾನೇ ಕೆಲಸ ಮಾಡ್ತಾರೆ, ಡೇಕೇರಿಂದ ಐದು ನಿಮಿಷದ ನಡಿಗೆ. ಆದ್ರೂ ಮಗಳಿಗೆ ಮೈ ಬಿಸಿ ಆದ್ರೆ ಫೋನ್ ಬರೋದು ಬೆಳ್ಳಂದೂರಲ್ಲಿ ಮೀಟಿಂಗಲ್ಲಿ ಕೂತಿರೋ ನನಗೆ. ನಾನು ಎದ್ದು ಆಚೆ ಬಂದು, ಆಮೇಲೆ ಅವ್ರಿಗೆ ಮಾಡಿ, ಅವ್ರು ಹೋಗಿ ಕರ್ಕೊಂಡು ಬಂದು, ಮತ್ತೆ ನಾನು ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ಕೇಳಿ, ಇಷ್ಟೆಲ್ಲಾ ಮುಗಿಸಿ ಒಳಗೆ ಹೋದ್ರೆ ಮೀಟಿಂಗ್ ಮುಗಿದಿರುತ್ತೆ. ಹೇಳಿದೆ ಡೇಕೇರ್ ನಡೆಸೋ ಮೇಡಂಗೆ, ಮೊದ್ಲು ಇವಳ ಅಪ್ಪಂಗೆ ಫೋನ್ ಮಾಡಿ ಅಂತ. ಒಪ್ಕೊಂಡ್ರು, ಬುಕ್ಕಲ್ಲೂ ಬರ್ಕೊಂಡ್ರು, ಆಮೇಲೂ ಕೈ ಮೊದ್ಲು ಹೋಗೋದು ಅಮ್ಮನ ನಂಬರಿಗೇ. ಇದು ಇವ್ರೊಬ್ರ ತಪ್ಪಲ್ಲ, ಸ್ಕೂಲು, ಡಾಕ್ಟರ ಕ್ಲಿನಿಕ್ಕು, ಪೋಲಿಯೋ ಹನಿ ಹಾಕೋಕೆ ಬರೋರು, ಎಲ್ರಿಗೂ ಮಗು ಅಂದ್ರೆ ಅಮ್ಮನೇ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತು ಹೇಗೆ ಕಳೀತಾರೆ ಅಂತ ದೇಶದ ತುಂಬಾ ಸರ್ವೆ ಮಾಡಿಸ್ತು, ಮನೆಕೆಲಸ ಮಾಡೋ ಹೆಂಗಸ್ರು ಅದಕ್ಕೆ ಕೊಡೋದು ದಿನಕ್ಕೆ 299 ನಿಮಿಷ, ಮನೆಕೆಲಸ ಮಾಡ್ತೀನಿ ಅಂದ ಗಂಡಸ್ರು ಕೊಡೋದು 97 ನಿಮಿಷ. ಮನೆಯವ್ರನ್ನ ನೋಡ್ಕೊಳೋಕೆ ಬೇರೆ, ಹೆಂಗಸ್ರು 134 ನಿಮಿಷ, ಗಂಡಸ್ರು 76. ಐದು ಗಂಟೆ ಮನೇಲಿ ದುಡಿದು ಬಂದೋರನ್ನೂ ಒಂದೂವರೆ ಗಂಟೆ ದುಡಿದು ಬಂದೋರನ್ನೂ ಪಕ್ಕ ಪಕ್ಕ ಕೂರಿಸಿ ಯಾರು ಜಾಸ್ತಿ ಹೊತ್ತು ಇರ್ತಾರೆ ನೋಡೋಣ ಅಂದ್ರೆ ಫಲಿತಾಂಶ ಮೊದ್ಲೇ ಗೊತ್ತಿರೋದು ತಾನೆ.

ಡೆನ್ಮಾರ್ಕ್ ಅಂಥ ದೇಶದಲ್ಲೂ, ಅಲ್ಲಿ ಡೇಕೇರಿಗೆ ಸರ್ಕಾರನೇ ಬಹುಪಾಲು ದುಡ್ಡು ಹಾಕುತ್ತೆ, ಅಲ್ಲೂ ಮೊದಲ ಮಗು ಹುಟ್ಟೋವರೆಗೆ ಗಂಡ ಹೆಂಡತಿ ಸಂಪಾದನೆ ಒಂದೇ ದಾರೀಲಿ ಸಾಗಿ, ಮಗು ಆದ ಮೇಲೆ ಅಮ್ಮನದ್ದು ಬಿದ್ದು ಕೊನೆಗೂ ಸುಮಾರು 20 ಪರ್ಸೆಂಟ್ ಕೆಳಗೇ ನಿಂತ್ಬಿಡುತ್ತೆ, ಅಪ್ಪನ ಸಂಪಾದನೆ ಅಲುಗಾಡೋದೇ ಇಲ್ಲ ಅಂತ ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತೆ ಅವ್ರ ಜೊತೆಯವ್ರು ತೋರಿಸಿದ್ದಾರೆ. ಅಂದ್ರೆ ಡೇಕೇರ್ ಒಂದಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ, ಡೇಕೇರಿಂದ ಫೋನ್ ಯಾರಿಗೆ ಹೋಗುತ್ತೆ ಅನ್ನೋದೂ ಅಷ್ಟೇ ಮುಖ್ಯ.

ಕಾನೂನು ಏನ್ ಹೇಳುತ್ತೆ ಅಂತ ಕೆಲವ್ರು ಕೇಳ್ತಾರೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿ 12 ವಾರದ ರಜೆನ 26 ವಾರ ಮಾಡಿದ್ರು, ನಾನೂ ತಗೊಂಡಿದ್ದೀನಿ, ಆ ರಜೆ ಇಲ್ದಿದ್ರೆ ನನ್ನ ಬಾಣಂತನ ಹೇಗಿರ್ತಿತ್ತೋ ಯೋಚಿಸೋಕೂ ಆಗಲ್ಲ. ಆದ್ರೆ ಆ 26 ವಾರದ ಸಂಬಳ ಪೂರ್ತಿ ಕಂಪನಿ ತಲೆ ಮೇಲೆ. ತಿಂಗಳಿಗೆ 21,000ದ ಒಳಗೆ ಸಂಬಳ ಇದ್ದು ಇಎಸ್‌ಐ (ಸರ್ಕಾರದ ಕಾರ್ಮಿಕರ ವಿಮೆ) ಇದ್ರೆ ಅದು ಕೊಡುತ್ತೆ, ಅದರ ಮೇಲೆ ಇರೋರಿಗೆಲ್ಲಾ ಕಂಪನಿನೇ. ಅಪ್ಪಂದ್ರಿಗೆ ಅಂತ ಪ್ರೈವೇಟಲ್ಲಿ ಕಾನೂನಿನ ರಜೆ ಒಂದು ದಿನವೂ ಇಲ್ಲ, ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ ಅಷ್ಟೇ. ಹಾಗಾದಾಗ ಸಣ್ಣ ಕಂಪನಿ ಇಂಟರ್‌ವ್ಯೂನಲ್ಲಿ ಮದುವೆ ಆದ ಹುಡುಗಿ ಬಂದ ತಕ್ಷಣ ಮನಸ್ಸಲ್ಲಿ ಲೆಕ್ಕ ಶುರು ಮಾಡುತ್ತೆ, ಹುಡುಗ ಬಂದ್ರೆ ಆ ಲೆಕ್ಕನೇ ಇಲ್ಲ. ಮಕ್ಕಳೇ ಬೇಡ ಅಂದ್ಕೊಂಡಿರೋ ಹುಡುಗಿಗೂ ಈ ಲೆಕ್ಕದ ಪೆಟ್ಟು ಬೀಳುತ್ತೆ, ಅವಳ ಹಣೇಲಿ ಬರೆದಿರಲ್ವಲ್ಲ. ಅದೇ ತಿದ್ದುಪಡಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರ್ಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡ್ಬಹುದು ಅಂತಾನೂ ಹೇಳಿತ್ತು. ನೋಡಿ ಅಲ್ಲೂ ತಾಯಿಗೇ ನಾಲ್ಕು ಸಲ, ತಂದೆ ಸುದ್ದಿ ಇಲ್ಲ. ನಾನು ಮುಂಚೆ ಇದ್ದ ಒಂದು ಆಫೀಸಲ್ಲಿ ಡೇಕೇರ್ ಟೈಅಪ್ ಅಂತ ಪಾಲಿಸೀಲಿ ಚೆನ್ನಾಗಿ ಬರೆದಿದ್ರು, ಹೋಗಿ ಕೇಳಿದ್ರೆ ಬೇರೆ ದಿಕ್ಕಿನಲ್ಲಿರೋ ಒಂದು ಪ್ಲೇಹೋಮಲ್ಲಿ ಫೀಸಲ್ಲಿ ಸ್ವಲ್ಪ ಡಿಸ್ಕೌಂಟು, ಅಷ್ಟೇ. ಇನ್ನು ಬೊಮ್ಮನಹಳ್ಳಿ, ಪೀಣ್ಯ ಕಡೆ ಗಾರ್ಮೆಂಟ್ಸ್ ಹೆಣ್ಮಕ್ಕಳ ವಿಷ್ಯ ಇನ್ನೂ ಹಳೇದು, 1948ರ ಫ್ಯಾಕ್ಟರಿ ಕಾಯ್ದೇಲೇ ಐವತ್ತಕ್ಕಿಂತ ಜಾಸ್ತಿ, 1976ರ ತಿದ್ದುಪಡಿ ಆದ್ಮೇಲೆ ಮೂವತ್ತಕ್ಕಿಂತ ಜಾಸ್ತಿ ಹೆಣ್ಣಾಳು ಇರೋ ಕಡೆ ಮಕ್ಕಳಿಗೆ ಜಾಗ ಮಾಡ್ಕೊಡ್ಬೇಕು ಅಂತ ಇತ್ತು. ಹಳ್ಳಿ ಕಡೆ ನರೇಗಾ ಕೆಲಸಕ್ಕೆ ಹೋಗೋ ತಾಯಂದ್ರಿಗೆ ನಮ್ಮ ರಾಜ್ಯ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅನ್ನೋ ಶಿಶುಪಾಲನಾ ಕೇಂದ್ರ ಶುರು ಮಾಡಿದೆ, ತುಂಬಾ ಒಳ್ಳೇ ಕೆಲಸ ಅದು. ಬೆಂಗಳೂರಲ್ಲಿ ಮನೆಕೆಲಸಕ್ಕೆ, ಅಂಗಡಿ ಕೆಲಸಕ್ಕೆ ಹೋಗೋ ಹೆಣ್ಮಕ್ಕಳಿಗೂ ವಾರ್ಡಿಗೊಂದು ಅಂಥದ್ದು ಬೇಕು, ಅದೂ ರಾತ್ರಿ ಎಂಟರವರೆಗೆ.

ಈಗ ಆ ಒಂದು ಸ್ಟಾರ್. ಇಲ್ಲಿ ಆಯಮ್ಮಂದ್ರ ಸಂಬಳ ವ್ಯಾನ್ ಡ್ರೈವರ್ ಸಂಬಳಕ್ಕಿಂತ ಕಮ್ಮಿ. ಮೇಡಂ ಮುಚ್ಚಿಟ್ಟಿಲ್ಲ, ಕೇಳಿದ್ದಕ್ಕೆ ಅವ್ರೇ ಹೇಳಿದ್ರು. ಡ್ರೈವರ್ ಅಣ್ಣ ಒಳ್ಳೆಯವ್ರು, ಅವ್ರಿಗೆ ಸಿಗೋದು ಜಾಸ್ತಿ ಅಂತ ನಾನು ಹೇಳ್ತಿಲ್ಲ, ಆದ್ರೆ ಅವ್ರ ಕೆಲಸ ಬೆಳಿಗ್ಗೆ ಎರಡು ಟ್ರಿಪ್ ಮಧ್ಯಾಹ್ನ ಎರಡು ಟ್ರಿಪ್. ಆಯಮ್ಮ ಒಂದು ಪಾಳೀಲಿ ಆರು ಗಂಟೆ ಆರೇಳು ಕೂಸುಗಳನ್ನ ನೋಡ್ಕೊಳ್ತಾರೆ, ಉಣಿಸಿ, ತೊಳೆದು, ಮಲಗಿಸಿ, ಗಂಟಲಲ್ಲಿ ಏನಾದ್ರೂ ಸಿಕ್ಕಿ ಹಾಕ್ಕೊಂಡ್ರೆ ಬೆನ್ನು ತಟ್ಟಿ ತೆಗೆಯೋವರೆಗೂ ಎಲ್ಲಾ ಜವಾಬ್ದಾರಿ ಅವ್ರದ್ದೇ. ದೊಡ್ಡ ಆಯಮ್ಮ ಒಬ್ರು, ಮಗು ಅಳೋ ಧ್ವನೀಲೇ ಇದು ಹಸಿವು, ಇದು ಕಿವಿ ನೋವು ಅಂತ ಹೇಳ್ತಾರೆ, ನನ್ನ ಮಗಳ ಕಿವಿ ಇನ್‌ಫೆಕ್ಷನ್ ಮೊದ್ಲು ಹಿಡಿದಿದ್ದೇ ಅವ್ರು, ಡಾಕ್ಟರ್ ಆಮೇಲೆ ಹೌದು ಅಂದ್ರು. ಅದನ್ನ ಸ್ಕಿಲ್ಲು ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಹೆಂಗಸು ಅಂದ್ಮೇಲೆ ಮಗು ನೋಡ್ಕೊಳೋದು ಗೊತ್ತೇ ಇರುತ್ತೆ ಅಂತ. ಸ್ಟೇರಿಂಗ್ ಹಿಡಿಯೋದು ಕಲಿತು ಬರೋ ಕೆಲಸ, ಲೈಸೆನ್ಸ್ ಇದೆ, ಹಾಗಾಗಿ ಅದಕ್ಕೆ ರೇಟು.

ಯಾಕೆ ಮೇಡಂ ಹೀಗೆ ಅಂದೆ. "ಆ ಸಂಬಳಕ್ಕೆ ಡ್ರೈವರ್ ಸಿಗಲ್ಲಮ್ಮ, ಆಯಮ್ಮಂದ್ರು ಸಿಗ್ತಾರೆ" ಅಂದ್ರು. ಮಾತು ಕಹಿ ಆದ್ರೂ ನಿಜನೇ. ಡ್ರೈವರಿಗೆ ಊರೆಲ್ಲಾ ಕೆಲಸ, ಇಲ್ಲಿ ಬೇಡ ಅಂದ್ರೆ ಕ್ಯಾಬ್ ಓಡಿಸ್ತಾರೆ. ಆಯಮ್ಮಂದ್ರು ಮನೇಲಿ ಅಡುಗೆ ಮುಗಿಸಿ, ನಡೆದು ಬರೋಷ್ಟು ದೂರದಲ್ಲಿ, ಮಕ್ಕಳು ಸ್ಕೂಲಿಂದ ಬರೋ ಹೊತ್ತು ನೋಡ್ಕೊಂಡು ಕೆಲಸ ಹುಡುಕ್ಬೇಕು, ಅಷ್ಟು ದೂರದಲ್ಲಿ ಇರೋದೇ ನಾಲ್ಕು ಕೆಲಸ, ಅದಕ್ಕೆ ಬರೋರು ನಲವತ್ತು ಜನ, ಆಗ ಸಂಬಳ ಎಲ್ಲಿಂದ ಏರುತ್ತೆ. 2023ರ ಜೂನಿಂದ ಶಕ್ತಿ ಯೋಜನೇಲಿ ಹೆಂಗಸ್ರಿಗೆ ಬಸ್ ಫ್ರೀ ಆದ್ಮೇಲೆ ಇಲ್ಲಿದ್ದ ಒಬ್ರು ಆಯಮ್ಮ ಜಯನಗರದ ಕಡೆ ಜಾಸ್ತಿ ಸಂಬಳದ ಕೆಲಸಕ್ಕೆ ಹೋದ್ರು, ಮಗಳು ಒಂದು ವಾರ ಅವ್ರನ್ನ ಹುಡುಕಿದ್ಲು, ಆದ್ರೆ ನನಗೆ ಅವ್ರ ಬಗ್ಗೆ ತುಂಬಾ ಖುಷಿ ಆಯ್ತು. ನಮ್ಮಂಥೋರ ಸಂಬಳದ ಅಂತರ ಕಮ್ಮಿ ಆಗೋದು ಇವ್ರ ಕಮ್ಮಿ ಸಂಬಳದ ಮೇಲೆ ನಿಂತಿದ್ರೆ ಅದು ನ್ಯಾಯ ಅಲ್ಲ, ಅದಕ್ಕೇ ಆ ಸ್ಟಾರ್ ಕೊಡೋಕೆ ನನ್ನ ಮನಸ್ಸು ಒಪ್ಲಿಲ್ಲ.

ಇದಕ್ಕೆ ಕಾನೂನು ಸಹಾಯ ಮಾಡಲ್ವಾ ಅಂದ್ರೆ, ಮಾಡುತ್ತೆ, ಆದ್ರೆ ಒಂದು ಮಟ್ಟಕ್ಕೆ. ಸಂವಿಧಾನದ 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಹೇಳುತ್ತೆ, 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಬೊಂಬಾಯಿಯ ಮೆಕಿನನ್ ಮೆಕೆಂಜಿ ಕಂಪನೀಲಿ ಲೇಡಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರಿ ಡಿಕೋಸ್ಟಾ ಅನ್ನೋರು ಗಂಡಸು ಸ್ಟೆನೋಗಳಿಗಿಂತ ನನಗೆ ಯಾಕೆ ಕಮ್ಮಿ ಅಂತ ಕೋರ್ಟಿಗೆ ಹೋದ್ರು, ಕಂಪನಿ ಇವ್ರದ್ದು ಬೇರೆ ತರದ ಕೆಲಸ ಅಂತ ವಾದ ಮಾಡ್ತು, 1987ರಲ್ಲಿ ಸುಪ್ರೀಂ ಕೋರ್ಟ್ ಅವ್ರ ಕಡೆ ತೀರ್ಪು ಕೊಡ್ತು, ಕಂಪನಿ ಹತ್ರ ದುಡ್ಡಿಲ್ಲ ಅನ್ನೋ ನೆಪನೂ ನಡೆಯಲ್ಲ ಅಂತು. ಎಂಥ ಗಟ್ಟಿಗಿತ್ತಿ ಇರ್ಬೇಕು ಅವ್ರು. ಆದ್ರೆ ಅದು ಸ್ಟೆನೋಗೂ ಸ್ಟೆನೋಗೂ ಹೋಲಿಕೆ. ಆ ಕಾಯ್ದೆ ಮಾತಾಡ್ತಿದ್ದದ್ದು ಅದೇ ಕೆಲಸ ಅಥವಾ ಅದೇ ತರದ ಕೆಲಸದ ಬಗ್ಗೆ, ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೇಲೂ ಅದೇ ಮಾತು ಉಳಿದಿದೆ. ಆಯಮ್ಮನೂ ಡ್ರೈವರೂ ಒಂದೇ ತರದ ಕೆಲಸ ಅಂತ ಯಾವ ಕೋರ್ಟಲ್ಲಿ ಹೇಳೋಕಾಗುತ್ತೆ. ಭಾರತ 1958ರಲ್ಲೇ ಒಪ್ಕೊಂಡಿರೋ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಪ್ಪಂದದಲ್ಲಿ ಸಮಾನ ಮೌಲ್ಯದ ಕೆಲಸ ಅಂತ ಇದೆ, ಅಂದ್ರೆ ಕೆಲಸ ಬೇರೆ ಇದ್ರೂ ಬೇಕಾಗೋ ಶ್ರಮ, ಜವಾಬ್ದಾರಿ, ಕೌಶಲ ತೂಗಿ ನೋಡ್ಬೇಕು ಅಂತ. ಆ ತಕ್ಕಡಿ ನಮ್ಮ ಕಾಯ್ದೆಗೆ ಇನ್ನೂ ಬಂದಿಲ್ಲ. ಹೆಂಗಸ್ರೇ ತುಂಬಿರೋ ಕೆಲಸಗಳು, ಆಯಾ, ಅಂಗನವಾಡಿ, ಆಶಾ, ಟೈಲರಿಂಗ್ ಲೈನು, ಎಲ್ಲಾ ಕಡೆ ಸಂಬಳ ತಳಮಟ್ಟದಲ್ಲೇ ಇರೋದಕ್ಕೆ ಇದು ದೊಡ್ಡ ಕಾರಣ, ಹೋಲಿಸೋಕೆ ಅಲ್ಲಿ ಗಂಡಸೇ ಇರಲ್ಲ.

ಮೇಡಂ ಕಡೆನೂ ನೋಡ್ಬೇಕು. ಬಾಡಿಗೆ ವರ್ಷಾ ವರ್ಷ ಏರುತ್ತೆ, ಮಕ್ಕಳ ಸಂಖ್ಯೆ ಜಾಸ್ತಿ ಮಾಡಿದ್ರೆ ನೋಡ್ಕೊಳೋದು ಕೆಡುತ್ತೆ, ಫೀಸ್ ಏರಿಸಿದ್ರೆ ಅಪ್ಪ ಅಮ್ಮ ಬೇರೆ ಕಡೆ ಹೋಗ್ತಾರೆ. ಫೀಸ್ ಈಗ ಆರೂವರೆವರೆಗೆ 9,000, ಎಂಟರವರೆಗೆ ಅಂದ್ರೆ 11,500. ನಾನು ನಾಲ್ಕೈದು ಜನ ಪೇರೆಂಟ್ಸ್ ಹತ್ರ ಮಾತಾಡಿದ್ದೀನಿ, ತಿಂಗಳಿಗೆ ಐನೂರು ಜಾಸ್ತಿ ಕೊಡೋಣ, ಅದು ನೇರ ಆಯಮ್ಮಂದ್ರ ಸಂಬಳಕ್ಕೆ ಹೋಗ್ಲಿ, ಎಲ್ರಿಗೂ ಕಾಣೋ ಹಾಗೆ ಬರೆದು ಹಾಕಿ ಅಂತ. ಇಬ್ರು ಒಪ್ಪಿದ್ದಾರೆ, ಒಬ್ರು "ನಮ್ಮ ಹೆಂಡ್ತಿ ಸಂಬಳದಲ್ಲಿ ಅರ್ಧ ಡೇಕೇರಿಗೇ ಹೋಗುತ್ತೆ, ಇನ್ನೂ ಜಾಸ್ತಿ ಆದ್ರೆ ಅವಳು ಕೆಲಸ ಬಿಡೋದೇ ವಾಸಿ" ಅಂದ್ರು. ಯಾವ ಮನೇಲೂ ಇದೇ ಲೆಕ್ಕ, ಡೇಕೇರ್ ಫೀಸ್ ಕಳೆಯೋದು ಯಾವಾಗ್ಲೂ ಅಮ್ಮನ ಸಂಬಳದಿಂದ. ಮಗು ಇಬ್ರದ್ದು, ಹಾಗಾಗಿ ಇಬ್ರ ಸಂಬಳ ಒಟ್ಟು ಸೇರಿಸಿ ಅದರಿಂದ ಕಳೀರಿ ಸರ್, ಆಮೇಲೆ ಮುಂದಿನ ಹತ್ತು ವರ್ಷದ ಹೈಕ್, ಪಿಎಫ್ ಎಲ್ಲಾ ಹಾಕಿ ನೋಡಿ, ಬಿಟ್ಟು ಮತ್ತೆ ಸೇರೋವಾಗ ಎಷ್ಟಕ್ಕೆ ಸೇರಿಸ್ಕೊಳ್ತಾರೆ ಅದೂ ಹಾಕಿ ಅಂದೆ. ನಾನೇ ಶೀಟ್ ಮಾಡಿ ಕಳ್ಸಿದ್ದೀನಿ, ನೋಡ್ತೀನಿ ಅಂದಿದ್ದಾರೆ.

ಇನ್ನು ಸೇರಿಸೋ ಯೋಚನೆ ಇರೋರಿಗೆ. ಶನಿವಾರ ಮಧ್ಯಾಹ್ನ ಒಂದರವರೆಗೆ ಇರುತ್ತೆ, ಭಾನುವಾರ ರಜೆ, ಹಬ್ಬದ ರಜೆ ಪಟ್ಟಿ ಏಪ್ರಿಲಲ್ಲೇ ಕೊಡ್ತಾರೆ. ಜ್ವರ ಇದ್ರೆ ಸೇರಿಸ್ಕೊಳಲ್ಲ, ಅದರಲ್ಲಿ ತಕರಾರು ಬೇಡ, ಎಲ್ಲಾ ಮಕ್ಕಳ ಒಳ್ಳೇದಕ್ಕೇ. ಎಂಟು ದಾಟಿದ್ರೆ ಲೇಟ್ ಫೀಸ್ ಇದೆ, ಮಳೆ ಬಂದು ರೋಡ್ ಮುಳುಗಿದ ದಿನ ಮಾತ್ರ ತಗೊಳಲ್ಲ. ಒಂದು ವರ್ಷದೊಳಗಿನ ಕೂಸುಗಳಿಗೆ ಸೀಟು ಬಹಳ ಕಮ್ಮಿ, ರಜೆ ಮುಗಿಯೋಕೆ ಎರಡು ತಿಂಗಳು ಇರೋವಾಗ್ಲೇ ಹೆಸರು ಬರೆಸಿ. ಬರೆಸೋಕೆ ಇಬ್ರೂ ಹೋಗಿ, ಮೊದಲ ಸಾಲಲ್ಲಿ ಯಾರು ಹತ್ರ ಇರ್ತಾರೋ ಅವ್ರ ನಂಬರ್ ಬರೀರಿ, ವಾಟ್ಸಾಪ್ ಗ್ರೂಪಿಗೆ ಅಪ್ಪನ್ನೂ ಹಾಕಿ ಅಂತ ಅಲ್ಲೇ ನಿಂತು ಹಾಕಿಸ್ಕೊಂಡು ಬನ್ನಿ.